ಸುರಂಗದ ಬಾಯಲ್ಲಿ ನಿಂತ ಗಾಡಿ

ಆ ದಿನ ನನ್ನ ಗಾಡಿಯ ಕೊನೆಯ ಜನರಲ್ ಬೋಗಿಯಲ್ಲಿ ನಮ್ಮತ್ತೆ ಕೂತಿದ್ದರು. ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಅವರ ಜೊತೆ ಕೆಲಸ ಮಾಡುವ ಹೆಂಗಸರೂ ಇದ್ದರು. ಈರುಳ್ಳಿ ಆಯುವುದು, ಕೊಳೆತದ್ದನ್ನು ಎಸೆಯುವುದು, ಉಳಿದದ್ದನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿಯುವುದು ಇವರ ಕೆಲಸ. ಮಳೆಗಾಲದಲ್ಲಿ ಮಂಡಿಗೆ ಮಾಲು ಕಡಿಮೆಯಾಗುವ ಒಂದೆರಡು ವಾರ ಇರುತ್ತದೆ. ಆ ಬಿಡುವಿನಲ್ಲಿ ಸಮುದ್ರ ನೋಡಿಬರುತ್ತೇವೆಂದು ಹೊರಟಿದ್ದರು. ಸಮುದ್ರ ಬರೀ ನೆಪ. “ನಮ್ ಸೊಸೆ ಓಡ್ಸೋ ರೈಲಲ್ಲಿ ಓಗನ ಬನ್ರಮ್ಮಿ” ಎಂದು ಅತ್ತೆ ಮಂಡಿಯಲ್ಲೆಲ್ಲ ಸಾರಿಕೊಂಡು ಬಂದಿದ್ದರು.

ನಾನು ರೈಲು ಓಡಿಸುವವಳಲ್ಲ, ಗಾರ್ಡ್. ಈಗ ನಮ್ಮ ಹುದ್ದೆಗೆ ಟ್ರೈನ್ ಮ್ಯಾನೇಜರ್ ಎಂಬ ಹೊಸ ಹೆಸರು ಬಂದಿದ್ದರೂ ತವರೂರು ಉಡಿಗಾಲದಲ್ಲಾಗಲಿ, ಗಂಡನ ಊರು ಗುಂಡ್ಲುಪೇಟೆಯಲ್ಲಾಗಲಿ ನಾನು ಗಾರ್ಡಮ್ಮನೇ. ಕರಾವಳಿಯ ಒಂದು ಡಿಪೋದಲ್ಲಿ ನನ್ನ ಕೆಲಸ. ಕೇರಳದ ಕಡೆಯಿಂದ ಬಂದು ಕಡಲಂಚಿನ ಉದ್ದಕ್ಕೂ ಮುಂಬಯಿ ದಿಕ್ಕಿಗೆ ಹೋಗುವ ದೂರದ ಗಾಡಿಗಳನ್ನು ನಮ್ಮ ಸ್ಟೇಷನ್ನಿನಲ್ಲಿ ಹಿಂದಿನ ಸಿಬ್ಬಂದಿಯಿಂದ ವಹಿಸಿಕೊಂಡು, ಮುಂದಿನ ಸಿಬ್ಬಂದಿಗೆ ಒಪ್ಪಿಸುವವರೆಗೂ ಗಾಡಿ ನಮ್ಮದು.

ಬೆಳಿಗ್ಗೆ ಸಹಿ ಹಾಕಿ, ಕುಡಿದಿಲ್ಲವೆಂದು ತೋರಿಸುವ ಉಸಿರು ಪರೀಕ್ಷೆ ಮುಗಿಸಿ, ಕಾಷನ್ ಆರ್ಡರ್ ತೆಗೆದುಕೊಂಡೆ. ಯಾವ ಯಾವ ಜಾಗದಲ್ಲಿ ವೇಗ ಎಷ್ಟು ತಗ್ಗಿಸಬೇಕು ಎಂದು ತಿಳಿಸುವ ಕಾಗದ ಅದು. ಮಳೆಗಾಲದಲ್ಲಿ ಅದು ಉದ್ದವಾಗಿರುತ್ತದೆ. ಅವತ್ತು ಇನ್ನೂ ಉದ್ದವಿತ್ತು. ಇಂಜಿನ್ ಓಡಿಸುವ ಲೋಕೋ ಪೈಲಟ್ ಓದಿ ನೋಡಿ, “ಇವತ್ತು ನಡೆದುಕೊಂಡು ಹೋದರೆ ಬೇಗ ಮುಟ್ಟಬಹುದು ಮಾರಾಯ್ರೆ” ಎಂದರು. ಕರಾವಳಿಯವರೇ, ನಿವೃತ್ತಿಗೆ ಹತ್ತಿರದವರು. ಆ ದಾರಿಯ ಗುಡ್ಡಗಳನ್ನೆಲ್ಲ ಬಲ್ಲವರು. ತಮಾಷೆ ಮಾಡಿದರೂ ಮುಖದಲ್ಲಿ ನಗು ಇರಲಿಲ್ಲ.

ಗಾಡಿ ಬಂದಾಗ ಅತ್ತೆ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡುತ್ತ ಬಂದರು. ಕೈಯಲ್ಲಿ ಬಟ್ಟೆ ಗಂಟು, ಅದರಲ್ಲಿ ರಾಗಿ ರೊಟ್ಟಿ ಮತ್ತು ಹುಚ್ಚೆಳ್ಳು ಚಟ್ನಿ.

“ನಿನ್ ಜಾಗ ಎಲ್ಲವ್ವ? ಮುಂದುಗಡೆ ಅಲ್ವಾ?”

“ಹಿಂದುಗಡೆ ಅತ್ತೆ. ಕೊಟ್ಟಕೊನೆ.”

“ಅಯ್ಯೋ ಸಿವ್ನೆ, ನಾನು ಇವ್ರಿಗೆಲ್ಲ ಮುಂದುಗಡೆ ಅಂತ ಏಳ್ಬುಟ್ಟಿವ್ನಿ!”

ಕೊನೆಯ ಬೋಗಿಯಲ್ಲಿ ಅರ್ಧ ಲಗೇಜು, ಅರ್ಧ ನನ್ನ ಕೋಣೆ. ಅದಕ್ಕೆ ತಾಗಿದ ಜನರಲ್ ಬೋಗಿಯಲ್ಲಿ ಅವರನ್ನೆಲ್ಲ ಕೂರಿಸಿ ನನ್ನ ಜಾಗಕ್ಕೆ ಬಂದೆ. ಹಸಿರು ಬಾವುಟ ತೋರಿಸಿದೆ. ವಾರದ ಮಧ್ಯದ ದಿನ, ಮೇಲಾಗಿ ಮಳೆ. ಗಾಡಿಯಲ್ಲಿ ಅರ್ಧ ಸೀಟು ಖಾಲಿ. ಅದು ಎಷ್ಟು ದೊಡ್ಡ ಪುಣ್ಯವೆಂದು ಆಗ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಉದ್ದದ ಸುರಂಗವೊಂದನ್ನು ಹೊಕ್ಕೆವು. ನಾನು ರೊಟ್ಟಿ ಮುರಿದು ಬಾಯಿಗೆ ಇಡುತ್ತಿದ್ದೆ. ನನ್ನ ಕೋಣೆಯ ಗೋಡೆಯಲ್ಲಿ ಬ್ರೇಕಿನ ಗಾಳಿ ತೋರಿಸುವ ಗೇಜು ಇದೆ. ಅದರ ಮುಳ್ಳು ಐದರ ಹತ್ತಿರ ನಿಂತಿದ್ದರೆ ಎಲ್ಲ ಸರಿ ಎಂದರ್ಥ. ನೋಡುತ್ತಿದ್ದಂತೆ ಅದು ಒಂದೇ ಸಲಕ್ಕೆ ಸೊನ್ನೆಗೆ ಬಿತ್ತು. ಗಾಡಿ ಇಡಿಯಾಗಿ ಕಿರುಚಿತು. ನಾನು ಎದುರು ಗೋಡೆಗೆ ಹೋಗಿ ಬಿದ್ದೆ. ಎದ್ದು ನಿಲ್ಲುವಷ್ಟರಲ್ಲಿ ನಾವು ನಿಂತಿದ್ದೆವು. ಫ್ಯಾನುಗಳು ಸದ್ದು ನಿಲ್ಲಿಸಿದವು, ದೀಪ ಮಂಕಾಯಿತು.

ವಾಕಿಟಾಕಿಯಲ್ಲಿ ಲೋಕೋ ಪೈಲಟ್ ಧ್ವನಿ ಬಂತು. “ಗಾರ್ಡ್ ಮೇಡಂ, ಮುಂದೆ ಗುಡ್ಡ ಜಾರಿದೆ. ಹಳಿ ಮುಚ್ಚಿದೆ. ಇಂಜಿನ್‌ಗೆ ತಾಗಲಿಲ್ಲ, ಸ್ವಲ್ಪದರಲ್ಲಿ ನಿಂತಿತು. ಕರೆಂಟಿನ ಕಂಬ ಬಿದ್ದಿದೆ. ಗಾಡಿ ಇನ್ನು ಅಲ್ಲಾಡುವುದಿಲ್ಲ. ನಿಮ್ಮ ಕಡೆ ಏನು?”

“ನಾನು ಸುರಂಗದ ಒಳಗೆ ಇದ್ದೇನೆ ಸರ್. ಹಿಂದಿನ ಕೆಲವು ಬೋಗಿ ಒಳಗೇ ಇವೆ.”

“ಮುಂದಿನದೆಲ್ಲ ಕಟಿಂಗಿನಲ್ಲಿದೆ.” ಆಮೇಲೆ ಹೇಳಿದರು, “ಎರಡೂ ಕಡೆ ಗೋಡೆಯ ಹಾಗೆ ಮಣ್ಣು. ನೀರು ಕೆಂಪಗೆ ಇಳೀತಾ ಇದೆ ಮೇಡಂ.”

ಗುಡ್ಡವನ್ನು ಕಡಿದು ಹಳಿಗೆ ದಾರಿ ಮಾಡಿರುವ ಜಾಗಕ್ಕೆ ನಾವು ಕಟಿಂಗ್ ಎನ್ನುತ್ತೇವೆ. ನೀರು ತಿಳಿಯಾಗಿ ಇಳಿದರೆ ಅಷ್ಟು ಹೆದರುವುದಿಲ್ಲ. ಕೆಂಪಗೆ ಇಳಿದರೆ ಒಳಗಿನ ಮಣ್ಣು ಕರಗುತ್ತಿದೆ ಎಂದೇ ತಿಳಿಯಬೇಕು.

ಹಳಿಯ ಪಕ್ಕದ ತುರ್ತು ಫೋನಿನಿಂದ ಅವರು ಕಂಟ್ರೋಲ್ ಕಚೇರಿಗೆ ಸುದ್ದಿ ಮುಟ್ಟಿಸಿದರು. ಅಲ್ಲಿಂದ ಬಂದ ಆದೇಶ ಸ್ಪಷ್ಟವಾಗಿತ್ತು. ಹಿಂದಿನ ಸ್ಟೇಷನ್ನಿನ ಕಡೆಯಿಂದ ಡೀಸೆಲ್ ಇಂಜಿನ್ ಕಳಿಸುತ್ತಾರೆ, ಅದು ನಮ್ಮ ಬಾಲಕ್ಕೆ ಕೊಂಡಿ ಹಾಕಿ ಹಿಂದಕ್ಕೆ ಎಳೆಯುತ್ತದೆ. ಅಲ್ಲಿಯವರೆಗೆ ಪ್ರಯಾಣಿಕರು ಇದ್ದಲ್ಲೇ ಇರಲಿ, ಯಾರೂ ಇಳಿಯಬಾರದು. ಗಾರ್ಡ್ ಗಾಡಿಯ ಹಿಂಭಾಗಕ್ಕೆ ರಕ್ಷಣೆ ಕೊಡಬೇಕು.

ರಕ್ಷಣೆ ಎಂದರೆ ನಡೆಯುವುದು. ಗಾಡಿಯ ಬೆನ್ನಿಗೆ ಹಳಿಯ ಮೇಲೆ ಹಿಂದಕ್ಕೆ ನಡೆದು ಹೋಗಿ, ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಆಚೆ ಒಂದು ಡಿಟೊನೇಟರ್, ಅದರ ಎರಡರಷ್ಟು ದೂರದಲ್ಲಿ ಇನ್ನು ಮೂರು ಇಡಬೇಕು. ಶೂ ಪಾಲಿಶ್ ಡಬ್ಬಿಯಷ್ಟಿರುವ ಪಟಾಕಿ ಅದು, ಸೀಸದ ಪಟ್ಟಿಯಿಂದ ಹಳಿಗೆ ಕಟ್ಟುತ್ತೇವೆ. ಬರುವ ಇಂಜಿನ್ನಿನ ಚಕ್ರ ಅದರ ಮೇಲೆ ಹತ್ತಿದರೆ ಸಿಡಿಯುತ್ತದೆ. ಮುಂದೆ ಗಾಡಿ ನಿಂತಿದೆ ಎಂದು ಚಾಲಕನಿಗೆ ತಿಳಿಯುವುದು ಆ ಸದ್ದಿನಿಂದ. ಕತ್ತಲ ಸುರಂಗದಲ್ಲಿ, ತಿರುವಿನ ಆಚೆ, ಬೇರೆ ಯಾವುದನ್ನೂ ನಂಬುವಂತಿಲ್ಲ.

ಕೈಬ್ರೇಕಿನ ಚಕ್ರ ತಿರುಗಿಸಿ ಬಿಗಿ ಮಾಡಿದೆ. ಡಿಟೊನೇಟರಿನ ಡಬ್ಬಿ, ಟಾರ್ಚು, ಕೆಂಪು ದೀಪ ತೆಗೆದುಕೊಂಡು ಇಳಿದೆ. ಪಕ್ಕದ ಬೋಗಿಯ ಬಾಗಿಲಲ್ಲಿ ಅತ್ತೆ ನಿಂತಿದ್ದರು.

“ಎಲ್ಲಿಗವ್ವ ಓಯ್ತಿದ್ದಿ?”

“ಹಿಂದಕ್ಕೆ ಒಂದು ಕೆಲಸ ಇದೆ ಅತ್ತೆ. ಯಾರೂ ಕೆಳಗೆ ಇಳೀಬೇಡಿ.”

“ಒಬ್ಳೇಯಾ?”

“ಹೂಂ.”

“ಅಲ್ಲೇನದ?”

“ಏನೂ ಇಲ್ಲ. ಬರೀ ಕತ್ತಲೆ.”

“ಅದ್ಕೇ ಕೇಳಿದ್ದು ಕಣಮ್ಮಿ” ಎಂದರು.

ಸುರಂಗದಲ್ಲಿ ನಡೆಯುವುದು ನನಗೆ ಹೊಸದಲ್ಲ. ತರಬೇತಿಯಲ್ಲಿ ನಡೆದಿದ್ದೇನೆ, ಆದರೆ ಆಗ ಜೊತೆಗೆ ಜನ ಇದ್ದರು. ಈಗ ನನ್ನ ಬೂಟಿನ ಸದ್ದು, ಮೇಲಿಂದ ತೊಟ್ಟಿಕ್ಕುವ ನೀರು, ಚರಂಡಿಯಲ್ಲಿ ಹರಿಯುವ ನೀರು ಬಿಟ್ಟರೆ ಏನೂ ಇಲ್ಲ. ಟಾರ್ಚಿನ ಬೆಳಕು ಬಿದ್ದಲ್ಲೆಲ್ಲ ಗೋಡೆ ಬೆವರುತ್ತಿತ್ತು. ತಿರುವು ದಾಟಿದ ಮೇಲೆ ವಾಕಿಟಾಕಿ ಕರಕರ ಎಂದು ಸುಮ್ಮನಾಯಿತು. ಅಲ್ಲಿಂದ ಮುಂದೆ ಗಾಡಿಗೂ ನನಗೂ ಸಂಬಂಧವೇ ಇಲ್ಲ. ಕಂಟ್ರೋಲಿನವರು ಹೇಳಿದ ಇಂಜಿನ್ ಈಗಾಗಲೇ ಹೊರಟಿದ್ದರೆ? ಚಾಲಕನಿಗೆ ನಮ್ಮ ಜಾಗ ತಪ್ಪಾಗಿ ಹೇಳಿದ್ದರೆ? ಹಾಗೆಲ್ಲ ಆಗುವುದಿಲ್ಲ ಎಂದು ನಿಯಮ ಓದಿದ ನನಗೆ ಗೊತ್ತು. ಆದರೂ ನಾಲ್ಕು ಹೆಜ್ಜೆಗೊಮ್ಮೆ ನಿಂತು, ಹಳಿಗೆ ಕೈ ತಾಗಿಸಿ, ನಡುಕ ಇದೆಯೇ ಎಂದು ನೋಡುತ್ತಿದ್ದೆ. ಹಳಿ ತಣ್ಣಗಿತ್ತು.

ಮೊದಲನೆಯದನ್ನು ಕಟ್ಟಿದೆ. ಎದ್ದು ಇನ್ನೂ ಸ್ವಲ್ಪ ದೂರ ಹೋಗಿರಬಹುದು, ಹಿಂದಿನಿಂದ ಒಂದು ಸದ್ದು ಬಂತು. ಸಿಡಿದ ಸದ್ದಲ್ಲ. ಯಾರೋ ಬಹಳ ದೊಡ್ಡ ಮೂಟೆಯನ್ನು ಎತ್ತರದಿಂದ ಕೆಡವಿದಂಥ ಸದ್ದು. ಅದರ ಹಿಂದೆಯೇ ಸುರಂಗದೊಳಗೆ ಗಾಳಿ ಒತ್ತಿಕೊಂಡು ಬಂದು ನನ್ನ ಕಿವಿ ಕಟ್ಟಿತು.

ಕಟಿಂಗಿನಲ್ಲಿ ಮತ್ತೆ ಮಣ್ಣು ಬಿದ್ದಿದೆ. ಯಾರ ಮೇಲೆ ಬಿತ್ತು? ವಾಕಿಟಾಕಿ ಒತ್ತಿ ಒತ್ತಿ ಕೂಗಿದೆ. ಉತ್ತರವಿಲ್ಲ. ನನ್ನ ಕಾಲುಗಳು ಆಗಲೇ ಗಾಡಿಯ ಕಡೆಗೆ ತಿರುಗಿದ್ದವು. ಅಲ್ಲಿ ಜನ ಇದ್ದಾರೆ, ಇಲ್ಲಿ ನಾನೊಬ್ಬಳು ಪಟಾಕಿ ಹಿಡಿದುಕೊಂಡು ಏನು ಮಾಡುತ್ತಿದ್ದೇನೆ ಎನ್ನಿಸಿತು. ಆದರೆ ಈಗ ವಾಪಸು ಹೋದರೆ ಹಿಂಭಾಗ ಅರ್ಧ ಮಾತ್ರ ಭದ್ರ. ಮುಂದೆ ಗುಡ್ಡ ಏನು ಮಾಡುತ್ತದೋ ನನ್ನ ಕೈಯಲ್ಲಿಲ್ಲ. ಹಿಂದಿನಿಂದ ಇಂಜಿನ್ ಗುದ್ದದಂತೆ ನೋಡಿಕೊಳ್ಳುವುದು ನನ್ನ ಕೈಯಲ್ಲಿದೆ. ಅಳುತ್ತಲೇ ಕತ್ತಲೆಯ ಕಡೆಗೆ ಮತ್ತೆ ಹೆಜ್ಜೆ ಹಾಕಿದೆ. ಮೂರನ್ನೂ ಕಟ್ಟಿದೆ. ಒಂದರ ಪಟ್ಟಿ ಬಾಗಿಸುವಾಗ ಬೆರಳಿಗೆ ಗಾಯವಾಗಿದ್ದು ಸಂಜೆಯವರೆಗೂ ತಿಳಿಯಲಿಲ್ಲ. ಅಲ್ಲಿಂದ ಓಡಿದೆ. ಹಳಿಯಡಿಯ ಸ್ಲೀಪರು ತೊಲೆಗಳ ನಡುವಿನ ಜಲ್ಲಿಯ ಮೇಲೆ ಓಡಬಾರದು, ಕಾಲು ಮುರಿಯುತ್ತದೆ. ಓಡಿದೆ.

ತಿರುವು ದಾಟಿದ ಕೂಡಲೇ ವಾಕಿಟಾಕಿಗೆ ಜೀವ ಬಂತು. ಲೋಕೋ ಪೈಲಟ್ ನನ್ನನ್ನೇ ಕರೆಯುತ್ತಿದ್ದರು. “ಎಡಗಡೆ ಜಾರಿತು ಮೇಡಂ. ಮಧ್ಯದ ಸ್ಲೀಪರ್ ಬೋಗಿಯ ಚಕ್ರದವರೆಗೆ ಮಣ್ಣು ಬಂದಿದೆ. ಕಲ್ಲು ಬಡಿದು ಕಿಟಕಿ ಒಡೆದಿದೆ. ಒಬ್ಬರ ಭುಜಕ್ಕೆ ಏಟು. ಜನ ಇಳೀತೇವೆ ಅಂತಿದ್ದಾರೆ.”

ಟಿಕೆಟ್ ಪರೀಕ್ಷಕರು ಸುರಂಗದೊಳಗೆ ಹಳಿಯ ಪಕ್ಕ ಟಾರ್ಚು ಹಿಡಿದು ನನಗಾಗಿ ಕಾಯುತ್ತಿದ್ದರು. ಅವರ ಅಂಗಿ ನೆನೆದು ಮೈಗೆ ಅಂಟಿತ್ತು. ಮುಂದಿನ ಬೋಗಿಗಳಲ್ಲಿ ಕೆಲವರು ಬಾಗಿಲಿಗೆ ಬಂದಿದ್ದಾರೆ, ಕಟಿಂಗಿನಲ್ಲಿ ಇಳಿದು ನಡೆದೇ ಹೋಗುತ್ತೇವೆ ಎನ್ನುತ್ತಿದ್ದಾರೆ, ತಡೆಯಲು ಆಗುತ್ತಿಲ್ಲ ಎಂದರು.

ಆಗಲೇ ನನಗೆ ಅದು ಹೊಳೆದದ್ದು. ಕಟಿಂಗಿನಲ್ಲಿ ಇಳಿದರೆ ಸಾವು. ಬೋಗಿಯಲ್ಲೇ ಕೂತರೆ ಇನ್ನೊಂದು ಜಾರುವಿಕೆಗೆ ಕಾಯುವುದು. ಆದರೆ ಸುರಂಗದೊಳಗೆ ನಿಂತ ಹಿಂದಿನ ಬೋಗಿಗಳ ಮೇಲೆ ಯಾವ ಮಣ್ಣೂ ಬೀಳುವುದಿಲ್ಲ. ಜನರನ್ನು ಕೆಳಗಿಳಿಸದೆ, ಗಾಡಿಯ ಒಳಗಿಂದಲೇ, ಬೋಗಿಯಿಂದ ಬೋಗಿಗೆ ದಾಟಿಸಿ ಹಿಂದಕ್ಕೆ ತಂದರೆ?

“ಆಗೋದಿಲ್ಲ ಮೇಡಂ” ಎಂದರು ಟಿಕೆಟ್ ಪರೀಕ್ಷಕರು. “ಕಂಟ್ರೋಲ್ ಇದ್ದಲ್ಲೇ ಇರಿಸಿ ಅಂದಿದೆ. ಇಷ್ಟು ಜನ ಒಮ್ಮೆಲೇ ನುಗ್ಗಿದರೆ ಆ ಸಣ್ಣ ದಾರಿಯಲ್ಲಿ ಕಾಲ್ತುಳಿತ ಆಗುತ್ತೆ. ಯಾರಾದರೂ ಸತ್ತರೆ ಗುಡ್ಡವನ್ನಲ್ಲ, ನಮ್ಮನ್ನು ಕೇಳ್ತಾರೆ.”

ಅವರು ಹೇಳಿದ್ದು ಸುಳ್ಳಲ್ಲ. ಹಿಂದಿನ ಬೋಗಿಗಳಲ್ಲಿ ಗಾಳಿ ಇಲ್ಲ, ದೀಪ ಬ್ಯಾಟರಿಯದು, ಎಷ್ಟು ಹೊತ್ತು ಉರಿಯುತ್ತದೋ. ವಾಕಿಟಾಕಿಯಲ್ಲಿ ಲೋಕೋ ಪೈಲಟ್‌ರನ್ನು ಕೇಳಿದೆ. ಅವರು ಮತ್ತೆ ಫೋನಿಗೆ ಹೋಗಿ ನೋಡಿದರು. ಎರಡನೇ ಸಲ ಜಾರಿದ ಮಣ್ಣಿನ ಕೆಳಗೆ ಅದರ ತಂತಿ ತುಂಡಾಗಿತ್ತು. ಮೊಬೈಲ್ ಸಿಗ್ನಲ್ ಮೊದಲಿಂದಲೂ ಇರಲಿಲ್ಲ.

“ಕಂಟ್ರೋಲ್ ಸಿಗುವುದಿಲ್ಲ ಮೇಡಂ” ಎಂದರು. ಆಮೇಲೆ ಸ್ವಲ್ಪ ಮೆಲ್ಲಗೆ, “ಗಾಡಿಯ ಇನ್‌ಚಾರ್ಜ್ ನೀವು. ನೀವು ಹೇಳಿದ ಹಾಗೆ.”

ಪುಸ್ತಕದಲ್ಲಿ ಅದು ಇದೆ. ಗಾಡಿ ನಿಂತ ಮೇಲೆ ಗಾರ್ಡ್‌ನದೇ ಜವಾಬ್ದಾರಿ. ಪರೀಕ್ಷೆಗೆ ಓದಿ, ಬರೆದು, ಅಂಕ ತೆಗೆದುಕೊಂಡ ವಾಕ್ಯ. ಅವತ್ತು ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದೆ. ಯಾರಾದರೂ ದೊಡ್ಡವರು ಬಂದು ಬೇಡ ಎನ್ನಲಿ ಅಥವಾ ಮಾಡು ಎನ್ನಲಿ ಎಂದು ಒಂದು ಕ್ಷಣ ನಿಜವಾಗಿ ಆಸೆಪಟ್ಟೆ. ಯಾರೂ ಬರುವಂತಿರಲಿಲ್ಲ.

“ಹಿಂದಕ್ಕೆ ತರೋಣ” ಎಂದೆ. “ಇಂಜಿನ್ ಹತ್ತಿರದ ಬೋಗಿಯಿಂದ ಶುರು ಮಾಡಿ. ಒಂದು ಬೋಗಿ ಖಾಲಿಯಾದ ಮೇಲೆ ಇನ್ನೊಂದು. ಸಾಮಾನು ಬೇಡ, ಮಕ್ಕಳನ್ನು ಎತ್ತಿಕೊಳ್ಳಲಿ. ಸರ್, ನೀವೂ ನಿಮ್ಮ ಸಹಾಯಕರೂ ಕೊನೆಗೆ ಎಲ್ಲ ನೋಡಿಕೊಂಡು ಬನ್ನಿ.”

ಟಿಕೆಟ್ ಪರೀಕ್ಷಕರು ನನ್ನ ಮುಖ ನೋಡಿದರು. ಟಾರ್ಚು ತಿರುಗಿಸಿ ಮುಂದಕ್ಕೆ ಓಡಿದರು. ಅವತ್ತು ಅವರಷ್ಟು ಕೆಲಸ ಬೇರೆ ಯಾರೂ ಮಾಡಲಿಲ್ಲ.

ಮೊದಲ ಅಡ್ಡಿ ನನ್ನ ಕಡೆಯೇ ಇತ್ತು. ಸ್ಲೀಪರ್ ಬೋಗಿಗೂ ಜನರಲ್ ಬೋಗಿಗೂ ನಡುವಿನ ದಾರಿಯಲ್ಲಿ ಕಬ್ಬಿಣದ ಶಟರ್ ಇಳಿಸಿ ಬೀಗ ಹಾಕಿರುತ್ತಾರೆ. ನನ್ನ ಕೀಲಿಯಿಂದ ಬೀಗ ತೆಗೆದೆ. ಶಟರ್ ತುಕ್ಕು ಹಿಡಿದು ಮೇಲೇಳಲಿಲ್ಲ. ಒಬ್ಬಳೇ ಜಗ್ಗಿದೆ, ಒದ್ದೆ. ಅತ್ತೆ ಬಂದು ನೋಡಿದರು.

“ಸರ್ಕೊ ಅತ್ಲಾಗೆ” ಎಂದು ತಮ್ಮವರನ್ನು ಕರೆದರು. ಮೂಟೆ ಎತ್ತಿ ಬಲಿತ ಕೈಗಳು. “ಒಂದೇ ಸತಿಗೆ ಎತ್ರಮ್ಮಿ” ಎಂದು ಒಬ್ಬರು ಕೂಗಿದರು. ಮೂರನೆಯ ಸಲಕ್ಕೆ ಅದು ಕಿರ್ರೆಂದು ಮೇಲೆ ಹೋಯಿತು.

ಜನ ಬರತೊಡಗಿದರು. ಮೊದಮೊದಲು ಸಾಲಾಗಿಯೇ ಬಂದರು. ಎಸಿ ಬೋಗಿಯ ಒಂದು ಕುಟುಂಬ ಜನರಲ್ ಬೋಗಿಯ ಬಾಗಿಲಲ್ಲಿ ನಿಂತು, ಇಲ್ಲೇ ಕೂರಬೇಕೇ ಎಂದು ಹಿಂದಿಯಲ್ಲಿ ಕೇಳಿತು. ಹೌದು ಎಂದೆ. ಒಬ್ಬರು ದೊಡ್ಡ ಸೂಟ್‌ಕೇಸನ್ನು ದಾರಿಯಲ್ಲಿ ಸಿಕ್ಕಿಸಿಕೊಂಡು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ನಿಂತರು. ಹಿಂದಿನಿಂದ ಜನ ಒತ್ತತೊಡಗಿದರು, ಒಂದು ಮಗು ಕಿರುಚಿತು. ಟಿಕೆಟ್ ಪರೀಕ್ಷಕರು ಹೇಳಿದ ಮಾತು ನನ್ನ ಕಣ್ಣ ಮುಂದೆಯೇ ನಡೆಯುವುದರಲ್ಲಿತ್ತು. ನಾನು ಬೇಡಿಕೊಂಡೆ, ಗದರಿದೆ. ಅವರು ಪೆಟ್ಟಿಗೆ ಬಿಡಲಿಲ್ಲ.

“ಏನಪ್ಪಾ, ಪೆಟ್ಗೆ ಬೇಕಾ, ಪ್ರಾಣ ಬೇಕಾ? ಬುಡು ಅದ್ನ!” ಅತ್ತೆ ಅವರ ಕೈ ಮೇಲೆ ಒಂದು ಏಟು ಕೊಟ್ಟೇಬಿಟ್ಟರು. ಆತನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಪೆಟ್ಟಿಗೆ ಬಿಟ್ಟರು. ಅದನ್ನು ಪಕ್ಕದ ಶೌಚಾಲಯಕ್ಕೆ ತಳ್ಳಿ ದಾರಿ ಬಿಡಿಸಿದೆವು. ಭುಜಕ್ಕೆ ಏಟು ಬಿದ್ದವರನ್ನು ಇಬ್ಬರು ಹಿಡಿದು ತಂದರು. ಮಂಡಿಯ ಹೆಂಗಸರು ಶಟರಿನ ಎರಡೂ ಕಡೆ ನಿಂತು ಮಕ್ಕಳನ್ನು ಕೈಯಿಂದ ಕೈಗೆ ದಾಟಿಸಿದರು. ಹಸುಗೂಸು ಎತ್ತಿಕೊಂಡು ಬಂದ ಒಬ್ಬ ಬಾಣಂತಿ ಹುಡುಗಿಗೆ ತಮ್ಮ ಸೀಟು ಬಿಟ್ಟುಕೊಟ್ಟರು. ಅವರಿಗೂ ಹೆದರಿಕೆ ಇತ್ತು. ಒಬ್ಬಾಕೆ ಮಗು ಎತ್ತಿಕೊಳ್ಳುವಾಗಲೂ ಮನೆದೇವರ ಹೆಸರು ಹೇಳುತ್ತಲೇ ಇದ್ದಳು.

ಸುರಂಗದೊಳಗಿನ ಬೋಗಿಗಳು ತುಂಬುತ್ತ ಬಂದವು. ಕಾರಿಡಾರಿನಲ್ಲಿ, ಮೇಲಿನ ಬರ್ತುಗಳಲ್ಲಿ, ನನ್ನ ಕೋಣೆಯಲ್ಲಿ ಕೂಡ ಜನ. ಸೆಖೆಗೆ ಉಸಿರು ಕಟ್ಟುತ್ತಿತ್ತು. ಸ್ವಲ್ಪ ಸಮಾಧಾನವಾಗಿ ನಮ್ಮವರೆಲ್ಲ ಇದ್ದಾರೆಯೇ ಎಂದು ಕಣ್ಣಾಡಿಸಿದೆ. ಅತ್ತೆ ಇರಲಿಲ್ಲ.

“ಅತ್ತೆ ಎಲ್ಲಿ?”

ಆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಹಿರಿಯಳು ಹೇಳಿದಳು, “ಆ ಬಾಣಂತಿ ಹುಡ್ಗಿ ಕೂಸ್ನ ಆಲಿನ ಬುಡ್ಡಿ ಮರ್ತು ಬಂದ್ಬುಟ್ಟವ್ಳಂತೆ ಕಣವ್ವ. ಅಳ್ತಾ ಕುಂತಿದ್ಲು. ನಾ ತತ್ತೀನಿ ಇರು ಅಂತ ಮುಂದಕ್ಕೋದ್ರು.”

“ಎಷ್ಟು ಹೊತ್ತಾಯ್ತು?”

“ಆಗ್ಲೇ ಓದ್ರಲ್ಲ…”

ನಾನು ನನ್ನ ಜಾಗ ಬಿಟ್ಟು ಹೋಗಬಾರದಿತ್ತು. ನೆರವಿನ ಇಂಜಿನ್ ಯಾವಾಗ ಬೇಕಾದರೂ ಬರಬಹುದು, ಕೆಂಪು ದೀಪ ಹಿಡಿದು ಬಾಲದಲ್ಲಿ ನಿಲ್ಲಬೇಕಾದವಳು ನಾನು. ಆ ದೀಪವನ್ನು, ಜನರ ಜೊತೆ ಹಿಂದಕ್ಕೆ ಬಂದಿದ್ದ ಟಿಕೆಟ್ ಪರೀಕ್ಷಕರ ಕೈಗೆ ಕೊಟ್ಟು, ಹೇಗೆ ಆಡಿಸಬೇಕೆಂದು ಹೇಳಿ, ಮುಂದಕ್ಕೆ ಓಡಿದೆ.

ಜನ ತುಂಬಿದ ಬೋಗಿಗಳನ್ನು ದಾಟಿದ ಮೇಲೆ ಬಂದದ್ದು ಖಾಲಿ ಬೋಗಿ. ಚಪ್ಪಲಿಗಳು, ಅರ್ಧ ತಿಂದ ಊಟದ ಪೊಟ್ಟಣ, ಹೊದಿಕೆ. ಬೆಳಕು ಜಾಸ್ತಿಯಾಯಿತು, ಅಂದರೆ ಸುರಂಗದಿಂದ ಹೊರಗೆ ಬಂದಿದ್ದೆ. ಚಾವಣಿಯ ಮೇಲೆ ಮಳೆಯ ಜೊತೆ ಇನ್ನೂ ಏನೋ ಸಣ್ಣ ಸಣ್ಣದು ಉದುರುತ್ತಿತ್ತು. “ಅತ್ತೆ!” ಎಂದು ಕೂಗಿದೆ. ಮುಂದಿನ ಬೋಗಿಯಿಂದ, “ಇಲ್ಲಿವ್ನಿ ಕಣವ್ವ” ಎಂದು ಬಹಳ ಸಣ್ಣ ಧ್ವನಿ ಬಂತು.

ಕಿಟಕಿ ಪಕ್ಕದ ಸೀಟಿನಲ್ಲಿ ಕೂತಿದ್ದರು. ಮಡಿಲಲ್ಲಿ ಹಾಲಿನ ಬಾಟಲಿಯ ಚೀಲ. ಒಂದು ಕೈಯಲ್ಲಿ ಬರ್ತಿನ ಸರಪಳಿ ಹಿಡಿದಿದ್ದರು, ಬೆರಳುಗಳು ಬಿಳಚಿಕೊಂಡಿದ್ದವು.

“ಏಳಿ ಅತ್ತೆ.”

“ಕಾಲು ಬತ್ತಾ ಇಲ್ಲ. ಅದ ನೋಡ್ಬುಟ್ಟೆ ಕಣವ್ವ, ಕಾಲೇ ಬತ್ತಾ ಇಲ್ಲ.”

ಅವರು ನೋಡುತ್ತಿದ್ದ ಕಡೆ ನೋಡಿದೆ. ಎದುರಿನ ಮಣ್ಣಿನ ಇಳಿಜಾರಿನಲ್ಲಿ ಒಂದು ಮರ ಇತ್ತು. ಎಲೆ ತುಂಬಿದ ಸಾಧಾರಣ ಮರ. ಅದು ಬಿದ್ದಿರಲಿಲ್ಲ, ನೆಟ್ಟಗೆ ನಿಂತೇ ಇತ್ತು. ನಿಂತ ಹಾಗೆಯೇ, ಬೇರು ಮಣ್ಣು ಸಮೇತ, ನಿಧಾನವಾಗಿ ನಮ್ಮ ಕಡೆಗೆ ಬರುತ್ತಿತ್ತು.

ಅದನ್ನು ನೋಡಿದ ಮೇಲೆ ನನ್ನ ಕಾಲೂ ಬರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತೆನೋ ಹೇಳಲಾರೆ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ನಿಯಮವೂ ಇರಲಿಲ್ಲ, ದೇವರೂ ಇರಲಿಲ್ಲ. ಮುಂದಿನ ಬೋಗಿಯ ಕಡೆಯಿಂದ ಬೂಟಿನ ಸದ್ದು ಕೇಳಿ ಎಚ್ಚರವಾಯಿತು. ಲೋಕೋ ಪೈಲಟ್ ಮತ್ತು ಅವರ ಸಹಾಯಕ, ಬೋಗಿಗಳೆಲ್ಲ ಖಾಲಿಯಾಗಿವೆಯೆಂದು ನೋಡುತ್ತ ಬರುತ್ತಿದ್ದರು.

“ಮುಂದೆ ಯಾರೂ ಇಲ್ಲ, ಇವರೇ ಕೊನೆ” ಎಂದರು. ಕಿಟಕಿಯ ಆಚೆ ಒಮ್ಮೆ ನೋಡಿದರು. “ಅಮ್ಮ, ಕೈ ಕೊಡಿ.”

ಅತ್ತೆ ಸರಪಳಿ ಬಿಡಲಿಲ್ಲ. ನಾನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಲೋಕೋ ಪೈಲಟ್ ಒಂದು ತೋಳು, ನಾನು ಒಂದು ತೋಳು ಹಿಡಿದು ಎತ್ತಿದೆವು. ಅವರ ಪಾದ ನೆಲಕ್ಕೆ ಎಳೆಯುತ್ತಿತ್ತು. ಹಾಲಿನ ಚೀಲ ಮಾತ್ರ ಎದೆಗೆ ಅವಚಿಕೊಂಡೇ ಇದ್ದರು. ಬೋಗಿಗಳ ನಡುವಿನ ಆ ಸಣ್ಣ ದಾರಿಗಳಲ್ಲಿ ಮೂವರು ಒಟ್ಟಿಗೆ ಹಿಡಿಸುವುದಿಲ್ಲ. ಅಡ್ಡಡ್ಡ ತಿರುಗಿ, ಗುದ್ದಿಕೊಂಡು, ಹೇಗೋ ದಾಟಿದೆವು. ಸಹಾಯಕ ನಮ್ಮ ಹಿಂದೆ ಒಂದೊಂದೇ ಬಾಗಿಲು ಎಳೆದು ಮುಚ್ಚುತ್ತ ಬಂದ. ಸುರಂಗದ ಕತ್ತಲೆ ಬಂದಾಗ ಮೊದಲ ಸಲ ಆ ಕತ್ತಲೆ ನನಗೆ ಹಿತವೆನಿಸಿತು.

ಮಣ್ಣು ತಕ್ಷಣ ಬರಲಿಲ್ಲ. ಆ ಹುಡುಗಿಗೆ ಹಾಲು ಕೊಟ್ಟು, ಮಗು ಕುಡಿಯಲು ಶುರುಮಾಡಿ, ನಾನು ವಾಪಸು ಬಾಲಕ್ಕೆ ಬಂದು ಕೆಂಪು ದೀಪ ಹಿಡಿದ ಮೇಲೆ ಬಂತು. ಮೊದಲು ಗಾಡಿ ನಡುಗಿತು. ಕೊಂಡಿಗಳು ಒಂದರ ಹಿಂದೊಂದು ಬಡಿದುಕೊಳ್ಳುತ್ತ ಆ ನಡುಕ ನನ್ನ ಕಾಲಿನವರೆಗೂ ಬಂತು. ಆಮೇಲೆ ಸದ್ದು. ಸುರಂಗದ ಬಾಯಲ್ಲಿ ಕಾಣುತ್ತಿದ್ದ ಬೆಳಕು ಕೆಂಪಾಗಿ, ಕಂದಾಗಿ, ಸಣ್ಣದಾಯಿತು. ಇಷ್ಟು ಜನರಲ್ಲಿ ಒಬ್ಬರೂ ಕಿರುಚಲಿಲ್ಲ. ಎಲ್ಲ ನಿಂತ ಮೇಲೆ ಎಲ್ಲೋ ಒಬ್ಬರು ಅಳಲು ಶುರುಮಾಡಿದರು. ಅದು ಎಲ್ಲ ಬೋಗಿಗಳಿಗೂ ಹಬ್ಬಿತು.

ನಾವು ಅತ್ತೆಯನ್ನು ಎತ್ತಿಕೊಂಡು ಬಂದ ಬೋಗಿ ಒಂದು ಪಕ್ಕಕ್ಕೆ ವಾಲಿತ್ತು. ಕಿಟಕಿಗಳಿಂದ ಒಳಬಂದ ಮಣ್ಣು ಕೆಳಗಿನ ಸೀಟುಗಳನ್ನು ಮುಚ್ಚಿತ್ತು. ಅದನ್ನು ಟಾರ್ಚಿನಲ್ಲಿ ನೋಡಿದವರು ನಾನು, ಲೋಕೋ ಪೈಲಟ್, ಅವರ ಸಹಾಯಕ ಮಾತ್ರ. ಯಾರಿಗೂ ಹೇಳಲಿಲ್ಲ.

ಬಹಳ ಹೊತ್ತಿನ ಮೇಲೆ ಸುರಂಗದ ಆಳದಲ್ಲಿ ಡಬ್, ಡಬ್, ಡಬ್ ಎಂದು ಸಿಡಿಯಿತು. ಜನ ಮತ್ತೆ ಹೌಹಾರಿದರು. “ಹೆದರಬೇಡಿ, ನಮ್ಮನ್ನು ಕರೆದುಕೊಂಡು ಹೋಗೋಕೆ ಬಂದಿದ್ದು” ಎಂದು ಬೋಗಿಯಿಂದ ಬೋಗಿಗೆ ಕೂಗುತ್ತ ಹೋದರು ಟಿಕೆಟ್ ಪರೀಕ್ಷಕರು. ಡೀಸೆಲ್ ಇಂಜಿನ್ ನಡಿಗೆಯ ವೇಗದಲ್ಲಿ ತೆವಳಿಕೊಂಡು ಬಂದು, ನನ್ನ ದೀಪದೆದುರು ನಿಂತಿತು.

ಇನ್ನೂ ಒಂದು ಕೆಲಸ ಉಳಿದಿತ್ತು. ವಾಲಿದ ಬೋಗಿಯನ್ನೂ ಅದರ ಮುಂದಿನವನ್ನೂ ಬಿಟ್ಟು, ಒಳಗಿರುವುದನ್ನು ಮಾತ್ರ ಎಳೆಯಬೇಕು. ಸುರಂಗದ ಬಾಯಿಯವರೆಗೆ ಹೋಗಿ, ಎರಡು ಬೋಗಿಗಳ ನಡುವೆ ಇಳಿದು, ಗಾಳಿಯ ಕೊಳವೆಯ ಎರಡೂ ಕಡೆಯ ತಿರುಪು ಮುಚ್ಚಿ, ಕೊಳವೆ ಬಿಡಿಸಿ, ಕೊಂಡಿಯ ಹಿಡಿಕೆ ಎತ್ತಬೇಕು. ಸಹಾಯಕ ಇಳಿದ. ನಾನು ಮೇಲಿನ ಮಣ್ಣಿಗೆ ಟಾರ್ಚು ಬಿಟ್ಟುಕೊಂಡು ನಿಂತೆ. ಒಂದು ಚೂರು ಅಲುಗಿದರೂ ಕೂಗಬೇಕಿತ್ತು. ಅವನು ಮೇಲೆ ಹತ್ತಿ ಬರುವವರೆಗೆ ನಾನು ಕಣ್ಣು ಮಿಟುಕಿಸಿದ ನೆನಪಿಲ್ಲ. ಬ್ರೇಕಿನ ಗಾಳಿ ತುಂಬಿ, ಪರೀಕ್ಷೆ ಮಾಡಿ, ಹಿಂದಿನ ಸ್ಟೇಷನ್ ತಲುಪುವಾಗ ಸಂಜೆಯ ಬೆಳಕು ಇನ್ನೂ ಇತ್ತು. ಪ್ಲಾಟ್‌ಫಾರ್ಮಿನ ಆಚೆ ಸಮುದ್ರ ಕಾಣುತ್ತಿತ್ತು. ಗುಂಡ್ಲುಪೇಟೆಯ ಹೆಂಗಸರು ಅದಕ್ಕೆ ಬೆನ್ನು ಹಾಕಿ ಕೂತು ಟೀ ಕುಡಿದರು.

ವಿಚಾರಣೆಯಲ್ಲಿ ಒಬ್ಬ ಅಧಿಕಾರಿ, ಆದೇಶ ಮೀರಿ ಜನರನ್ನು ಸಾಗಿಸಿದ್ದು ಯಾಕೆ ಎಂದು ಕೇಳಿದರು. ಹೇಳಿದೆ. ಆಮೇಲೆ, “ನಿಮ್ಮ ಮನೆಯವರು ಗಾಡಿಯಲ್ಲಿ ಇದ್ದರಂತೆ. ಅದಕ್ಕಾಗಿ ಮಾಡಿದಿರಾ?” ಎಂದರು.

“ಅವರು ಮೊದಲಿಂದಲೂ ಸುರಂಗದ ಒಳಗಿನ ಬೋಗಿಯಲ್ಲೇ ಇದ್ದರು ಸರ್” ಎಂದೆ. “ನಾನು ಏನೂ ಮಾಡದೆ ಇದ್ದಿದ್ದರೆ ಅವರಿಗೆ ಏನೂ ಆಗುತ್ತಿರಲಿಲ್ಲ.”

ಅವರು ಪೆನ್ನು ಕೆಳಗಿಟ್ಟು, ನೀರು ಕುಡಿಯುತ್ತೀರಾ ಎಂದು ಕೇಳಿದರು. ಅದಾದ ಮೇಲೆ ಆ ಪ್ರಶ್ನೆ ಬರಲಿಲ್ಲ.

ರಜೆಯ ಮೇಲೆ ಗುಂಡ್ಲುಪೇಟೆಗೆ ಹೋದೆ. ಮನೆ ಹೆದ್ದಾರಿಯ ಹತ್ತಿರವೇ ಇದೆ. ತರಕಾರಿ ಇಳಿಸಿ ಬರುವ ಖಾಲಿ ಲಾರಿಗಳು ಹಂಪ್ ಹಾರಿದಾಗ ಹಿಂದಿನ ಬಾಗಿಲು ಧಡಾರ್ ಎನ್ನುತ್ತದೆ. ವರ್ಷಗಟ್ಟಲೆ ಕೇಳಿದ ಸದ್ದು. ಈಗ ಪ್ರತಿ ಸಲವೂ ನನ್ನ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತಿತ್ತು. ಅತ್ತೆ ಮಂಡಿಯಲ್ಲಿ ಸೂಟ್‌ಕೇಸಿನವನ ಕತೆಯನ್ನು ಎಲ್ಲರನ್ನೂ ನಗಿಸುತ್ತ ಹೇಳುತ್ತಿದ್ದರು. ಮರದ ವಿಷಯ ಯಾರಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ಅಲಸಂದೆಕಾಯಿ ಬಿಡಿಸುತ್ತ ಕೂತಿದ್ದಾಗ ತಲೆ ಎತ್ತದೆ ಕೇಳಿದರು:

“ನಿಂಗೆ ಬಯ ಆಗ್ನಿಲ್ವಾ?”

“ಆಯ್ತು ಅತ್ತೆ.”

“ಮತ್ತೆ ಎಂಗೆ ಬಂದೆ ನನ್ನ ಕರ್ಕೊಳಕ್ಕೆ?”

“ಬರದೇ ಇರೋದಕ್ಕೆ ಇನ್ನೂ ಜಾಸ್ತಿ ಭಯ ಆಯ್ತು.”

ಅವರು ಸ್ವಲ್ಪ ಹೊತ್ತು ಕಾಯಿ ಬಿಡಿಸಿದರು. “ನಾನು ಬುಟ್ಟೋಗು ಅಂತ ಏಳ್ಬೇಕು ಅನ್ಕೊಂಡೆ ಕಣವ್ವ. ಬಾಯ್ಗೇ ಬರ್ನಿಲ್ಲ” ಎಂದರು. ನಾನು ಒಂದು ಹಿಡಿ ಕಾಯಿ ನನ್ನ ಕಡೆಗೆ ಎಳೆದುಕೊಂಡೆ.

ಗಂಡ, ಚಾಮರಾಜನಗರದ ಪ್ಯಾಸೆಂಜರ್ ಗಾಡಿಗೆ ವರ್ಗ ಕೇಳು ಎಂದರು. ಬಯಲ ದಾರಿ, ಗುಡ್ಡವಿಲ್ಲ, ಸುರಂಗವಿಲ್ಲ, ದಿನವೂ ಮನೆಗೆ ಬರಬಹುದು. ಕೇಳುತ್ತೇನೆ ಎಂದೇ ಹೊರಟೆ. ಚಾಮರಾಜನಗರ ಸ್ಟೇಷನ್ನಿನಲ್ಲಿ ಆ ಗಾಡಿ ನಿಂತಿತ್ತು. ಕಾಲೇಜು ಹುಡುಗಿಯರು, ಹೂವಿನ ಚೀಲಗಳು, ಕಿಟಕಿಯಲ್ಲಿ ಒಣ ಬಿಸಿಲು. ಅದರಲ್ಲೇ ಕೂತು ಮೈಸೂರಿನವರೆಗೆ ಬಂದೆ. ದಾರಿಯುದ್ದಕ್ಕೂ ಆಸೆಯಾಯಿತು. ಡಿಪೋಗೆ ಬಂದ ಮೇಲೆ, ಮಳೆಗಾಲ ಮುಗಿಯಲಿ, ಆಮೇಲೆ ಕೇಳೋಣ ಎಂದುಕೊಂಡೆ. ಆಗ ಕೇಳಿದರೆ ಓಡಿಹೋದ ಹಾಗಾಗುತ್ತಿತ್ತು.

ಲೈನು ರಿಪೇರಿಯಾದ ಮೇಲೆ ಅದೇ ದಾರಿಯಲ್ಲಿ ನನ್ನ ಮೊದಲ ಡ್ಯೂಟಿಗೆ ಅದೇ ಲೋಕೋ ಪೈಲಟ್ ಸಿಕ್ಕರು. ಆ ಕಟಿಂಗಿನಲ್ಲಿ ಗಾಡಿ ತೆವಳಿಕೊಂಡು ಹೋಗಬೇಕೆಂಬ ನಿರ್ಬಂಧವಿತ್ತು. ಇಡೀ ಗಾಡಿ ಆ ಜಾಗ ದಾಟಿದೆಯೆಂದು ಗಾರ್ಡ್ ಹೇಳಿದ ಮೇಲೆಯೇ ಲೋಕೋ ಪೈಲಟ್ ವೇಗ ಹೆಚ್ಚಿಸಬಹುದು. ಸುರಂಗದ ಕತ್ತಲೆ ಮುಗಿದು ನನ್ನ ಬೋಗಿ ಬೆಳಕಿಗೆ ಬಂತು. ಎಡಗಡೆ ಹೊಸದಾಗಿ ಕಟ್ಟಿದ ಕಲ್ಲುಗೋಡೆ, ಅದರ ಮೇಲೆ ಬಲೆ, ಬಲೆಯ ಮೇಲೆ ಮಳೆ. ನೀರಿನ ಬಣ್ಣ ನೋಡಲು ಧೈರ್ಯ ಸಾಲದೆ ಕಣ್ಣು ಮುಚ್ಚಿದೆ. ಮುಚ್ಚಬಾರದೆಂದು ತೆರೆದೆ. ಒಂದು ಕೈ ಬ್ರೇಕಿನ ಹಿಡಿಯ ಮೇಲಿತ್ತು, ಇನ್ನೊಂದರಲ್ಲಿ ವಾಕಿಟಾಕಿ. ಗೋಡೆ ಸರಿಯುತ್ತ, ಸರಿಯುತ್ತ ಮುಗಿಯಿತು.

“ಮೇಡಂ,” ಲೋಕೋ ಪೈಲಟ್ ಧ್ವನಿ ಬಂತು, “ಗಾಡಿ ಪೂರ್ತಿ ಬಂತಾ?”

ಹಿಂದೆ ಸರಿಯುತ್ತಿದ್ದ ಗೋಡೆಯ ಕೊನೆಯನ್ನು ಇನ್ನೊಮ್ಮೆ ನೋಡಿದೆ. ಬಟನ್ ಒತ್ತಿದೆ.

“ಪೂರ್ತಿ ಬಂತು ಸರ್” ಎಂದೆ.